ಉಳಿಯ ಓರೆ ಕೆಡಬಾರದು

ಲೇತ್ ಬಂತು, ಆರು ಉಳಿಗಳ ಸೆಟ್ಟೂ ಬಂತು. ಸಾಣೆಗೆ ಯಾವ ಜಿಗ್ ಕೊಳ್ಳಲಿ ಎಂದು ಕೇಳುತ್ತಿದ್ದೀಯ. ಕೈ ತೊಳೆದು ಕೂತುಕೋ, ಹೇಳುತ್ತೇನೆ.

ಚನ್ನಪಟ್ಟಣದಲ್ಲಿ ಆಲೆ ಮರ ಕಡೆಯುವವರು ಉಳಿಯನ್ನು ಬರಿಗೈಯಲ್ಲೇ ಸಾಣೆಗೆ ಹಿಡಿಯುವುದನ್ನು ನೋಡಿದ್ದೀಯ. ಅದು ದಿನಕ್ಕೆ ಎಷ್ಟೋ ಸಲ, ವರ್ಷಗಟ್ಟಲೆ ಅದನ್ನೇ ಮಾಡಿ ಪಳಗಿದ ಕೈ. ಭಾನುವಾರ ಮಾತ್ರ ಲೇತ್ ಮುಂದೆ ನಿಲ್ಲುವ ನಿನಗೆ ಆ ಹದ ಬರುವಷ್ಟರಲ್ಲಿ ಉಳಿಗಳೇ ಮುಗಿದುಹೋಗುತ್ತವೆ ಕಣಪ್ಪ. ನನ್ನ ಮೊದಲ ಗೌಜ್ ಉಳಿ ಹಾಗೆಯೇ ಹೋಯಿತು. ಒಂದೊಂದು ಸಲಕ್ಕೆ ಒಂದೊಂದು ಓರೆ. ಹಿಂದಿನದನ್ನು ಸರಿಪಡಿಸಲು ಇನ್ನಷ್ಟು ಉಕ್ಕು ಕಲ್ಲಿನ ಪಾಲು. ಉಳಿಯನ್ನು ಒಂದೇ ಕೋನದಲ್ಲಿ ಹಿಡಿದಿಡುವ ಜಿಗ್ ಇದ್ದರೆ ಇವತ್ತಿನ ಓರೆಯೇ ಮುಂದಿನ ತಿಂಗಳೂ ಸಿಗುತ್ತದೆ, ಕಲ್ಲಿಗೆ ಮೆಲ್ಲಗೆ ಎರಡು ಸಲ ತಾಗಿಸಿದರೆ ಅಲಗು ತಯಾರು. ದುಡ್ಡು ಕೊಡುವುದು ಅದಕ್ಕೆ.

ಸ್ವೀಡನ್ನಿನ ಟಾರ್ಮೆಕ್, ಕೆನಡಾದ ವುಲ್ವರಿನ್ ಎರಡೂ ಒಳ್ಳೆಯ ಸಾಣೆ ಸಾಮಾನು. ಆದರೆ ಈಗಲೇ ಅಷ್ಟು ಹಣ ಸುರಿಯಬೇಡ. ನಿನ್ನ ಆರು ಉಳಿಗಳನ್ನು ಮೇಜಿನ ಮೇಲೆ ಹರವಿ ನೋಡು. ಸ್ಕ್ಯೂ, ಸ್ಕ್ರೇಪರ್, ಪಾರ್ಟಿಂಗ್ ಉಳಿಗೆ ಬೇಕಾದದ್ದು ಕೋನ ಬದಲಿಸಬಹುದಾದ ಒಂದು ಚಪ್ಪಟೆ ಪಟ್ಟಿ, ಅಷ್ಟೇ. ರಫಿಂಗ್ ಗೌಜ್‌ಗೆ ಗ್ರೈಂಡರ್ ಕೆಳಗಿಂದ ಹೊರಗೆ ಚಾಚುವ ಒಂದು ತೋಳು, ಅದರ ತುದಿಯಲ್ಲಿ ಹಿಡಿಕೆ ಕೂರುವಂಥ ವಿ ಆಕಾರದ ಗುಂಡಿ. ಹಿಡಿಕೆಯನ್ನು ಅಲ್ಲಿ ಊರಿ ಉಳಿಯನ್ನು ಉರುಳಿಸಿದರೆ ಓರೆ ಸುತ್ತಲೂ ಸಮನಾಗಿ ಬರುತ್ತದೆ. ಇವೆರಡನ್ನೂ ದಪ್ಪ ಪ್ಲೈವುಡ್ಡು, ಒಂದು ಗಟ್ಟಿ ಮರದ ರೀಪು, ನಾಲ್ಕು ಬೋಲ್ಟಿನಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದು. ಬಟ್ಟಲು ಕೊರೆಯುವ ಗೌಜ್‌ನ ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿ ಹಿಡಿಯಬೇಕಾದರೆ ಮಾತ್ರ ತೂಗಾಡುವ ಹಿಡಿತದ ಜಿಗ್ ಬೇಕು. ಕೊಳ್ಳುವುದಾದರೆ ಅದೊಂದನ್ನು ಕೊಂಡುಕೋ.

ಅಗ್ಗದ್ದು ಕೊಳ್ಳುವಾಗ ನಿನ್ನ ಗೌಜ್ ಜೊತೆಯಲ್ಲೇ ಇರಲಿ. ಅಂಗಡಿಯಲ್ಲೇ ಅದನ್ನು ಜಿಗ್‌ಗೆ ಹಾಕಿ ತಿರುಪು ಬಿಗಿ ಮಾಡಿ, ತುದಿ ಹಿಡಿದು ತಿರುಚಿ ನೋಡು. ಉಳಿಯ ದುಂಡು ಕಂಬಿ ಒಳಗೆ ಒಂದಿಷ್ಟು ಹೊರಳಿದರೂ ಬೇಡ. ಜಿಗ್‌ನ ಕಾಲಿನ ಕೀಲು ಅಲ್ಲಾಡಿದರೂ ಬೇಡ. ಹೊಳಪು, ಬಣ್ಣ ನೋಡಬೇಡ.

ಜಿಗ್‌ನಲ್ಲಿ ಉಳಿಸಿದ ಹಣವನ್ನು ಗ್ರೈಂಡರ್‌ಗೆ ಹಾಕು. ನಮ್ಮಲ್ಲಿ ಸಿಗುವ ಗ್ರೈಂಡರ್‌ಗಳು ಬಹುಪಾಲು ನಿಮಿಷಕ್ಕೆ 2,800 ಸುತ್ತಿನವು; ಅದರ ಅರ್ಧ ವೇಗದ 8 ಇಂಚಿನದು ಸಿಕ್ಕರೆ ಹೊಸಬರ ಕೈಗೆ ಹೆಚ್ಚು ಹಿತ. ಕಲ್ಲು 80 ಗ್ರಿಟ್‌ನ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಇರಲಿ. ಹಳೆಯ ಕಾರ್ಬನ್ ಉಕ್ಕಿನ ಉಳಿಯ ತುದಿ ನೀಲಿಯಾದರೆ ಅದರ ಹದ ಹೋಯಿತು ಎಂದೇ ಲೆಕ್ಕ, ಅದಕ್ಕೆ ಪಕ್ಕದಲ್ಲಿ ನೀರಿಟ್ಟುಕೊಂಡು ಆಗಾಗ ಅದ್ದು. ನಿನ್ನ ಸೆಟ್ಟು ಹೈಸ್ಪೀಡ್ ಸ್ಟೀಲ್. ಅದು ನೀಲಿಯಾದರೂ ಗಟ್ಟಿಯಾಗಿಯೇ ಇರುತ್ತದೆ. ಕಾದಿದ್ದಾಗ ಅದನ್ನು ಮಾತ್ರ ನೀರಿಗೆ ಅದ್ದಬೇಡ, ಅಲಗಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟೀತು. ಹೊಸ ಕಲ್ಲನ್ನು ಕೂರಿಸುವ ಮುಂಚೆ ಬೆರಳಿಗೆ ತೂಗುಹಾಕಿ ಮರದ ಹಿಡಿಕೆಯಿಂದ ತಟ್ಟು. ಠಣ್ ಎನ್ನದೆ ಮಂದ ಸದ್ದು ಬಂದರೆ ಆ ಕಲ್ಲು ಎಸೆದುಬಿಡು. ಕನ್ನಡಕವಿಲ್ಲದೆ ಸ್ವಿಚ್ ಒತ್ತಲೇಬೇಡ.

ಇನ್ನು ಕೋನ ಹೊಂದಿಸುವುದು. ಉಳಿಯ ಓರೆಗೆ ಕಪ್ಪು ಮಾರ್ಕರ್ ಬಳಿ. ಗ್ರೈಂಡರ್ ಆಫ್ ಇರಲಿ. ಉಳಿಯನ್ನು ಜಿಗ್‌ನಲ್ಲಿಟ್ಟು ಕಲ್ಲನ್ನು ಕೈಯಿಂದಲೇ ಒಂದು ಸುತ್ತು ತಿರುಗಿಸು. ಅಲಗಿನ ಹತ್ತಿರ ಮಾತ್ರ ಮಸಿ ಹೋಗಿದ್ದರೆ ತೋಳನ್ನು ಒಂದು ಚೂರು ಒಳಗೆ ತಳ್ಳು. ಹಿಂಬದಿಯಲ್ಲಿ ಹೋಗಿದ್ದರೆ ಹೊರಗೆ ಎಳೆ. ಓರೆಯ ಉದ್ದಕ್ಕೂ ಮಸಿ ಸಮನಾಗಿ ಅಳಿಸಿದಾಗ ತೋಳು ನಿಂತ ಜಾಗಕ್ಕೆ ಗೆರೆ ಹಾಕಿ ಉಳಿಯ ಹೆಸರು ಬರೆದಿಡು. ಉಳಿ ಜಿಗ್‌ನಿಂದ ಎಷ್ಟು ಮುಂದೆ ಚಾಚಬೇಕು ಎಂಬುದಕ್ಕೂ ಮೇಜಿಗೆ ಒಂದು ಮರದ ತುಂಡು ಹೊಡೆದುಕೋ.

ಶನಿವಾರ ಸಂಜೆ ಬಾ. ಪ್ಲೈವುಡ್ ನನ್ನ ಹತ್ತಿರ ಇದೆ. ಗ್ರೈಂಡರ್ ಕಲ್ಲಿನ ನಡುಮಧ್ಯದಿಂದ ಮೇಜಿನವರೆಗೆ ಎಷ್ಟು ಎತ್ತರವಿದೆ, ಅದನ್ನು ಅಳೆದುಕೊಂಡು ಬಾ.