ಕಾಮಣಿ ರಕ್ತಕ್ಕೆ ಬಿಸಿಲು ತಾಗಬಾರದು: ಹಳ್ಳಿ ಲ್ಯಾಬಿನವರಿಗೆ ಏಳು ಸೂತ್ರ

ನವಲಗುಂದ, ಅಣ್ಣಿಗೇರಿಯ ಎರೆ ಹೊಲಗಳ ನಡುವೆ ರಸ್ತೆಗೆ ನೆರಳು ಕಡಿಮೆ. ಆ ದಾರಿಯಲ್ಲಿ ಬೈಕಿನ ಮೇಲೋ ಬಸ್ಸಿನ ಕಿಟಕಿ ಪಕ್ಕವೋ ಹುಬ್ಬಳ್ಳಿಗೆ ಹೊರಟ ರಕ್ತದಲ್ಲಿ ಕಾಮಣಿಯ ಹಳದಿ ಅಂಶವಾದ ಬಿಲಿರುಬಿನ್ ಬಿಸಿಲಿಗೆ ಒಡೆಯುತ್ತಾ ಹೋಗುತ್ತದೆ. ನೇರ ಬಿಸಿಲಲ್ಲಿ ಒಂದೇ ತಾಸಿಗೆ ಅರ್ಧದವರೆಗೂ ಇಳಿಯಬಹುದು. ಯಂತ್ರ ಸರಿಯಿದ್ದರೂ ವರದಿ ಸುಳ್ಳಾಗುತ್ತದೆ. ಕಾಮಣಿ ಏರಿದ ಕೂಸು ಚಿಕಿತ್ಸೆ ಇಲ್ಲದೆ ಮನೆಗೆ ಹೋಗುತ್ತದೆ.

1. ಸೂಜಿ ಹಿಡಿಯುವ ಮೊದಲೇ ಫಾಯಿಲ್ ಕತ್ತರಿಸಿಡಿ. ಚಪಾತಿ ಸುತ್ತುವ ಬೆಳ್ಳಿ ಹಾಳೆಯೇ ಸಾಕು. ಬುಡದಿಂದ ಮುಚ್ಚಳದವರೆಗೆ ಸುತ್ತಿ.

2. ಹೆಸರು, ರಕ್ತ ತೆಗೆದ ಸಮಯ ಎರಡು ಕಡೆ ಬರೆಯಿರಿ: ಟ್ಯೂಬಿನ ಮೇಲೆ, ಫಾಯಿಲ್ ಮೇಲೆ.

3. ಕೂಸಿನ ರಕ್ತಕ್ಕೆ ಎರಡು ಪಟ್ಟು ಎಚ್ಚರ ಬೇಕು. ಹಿಮ್ಮಡಿಯಿಂದ ಸಿಗುವುದೇ ನಾಲ್ಕು ಹನಿ. ಸಣ್ಣ ಟ್ಯೂಬಿನಲ್ಲಿ ಬೆಳಕು ಆರಪಾರ ಹೋಗುತ್ತದೆ. ಕೂಸು ಕಾಮಣಿ ಚಿಕಿತ್ಸೆಯ ನೀಲಿ ದೀಪದ ಕೆಳಗಿದ್ದರೆ ರಕ್ತ ತೆಗೆಯುವಷ್ಟು ಹೊತ್ತು ದೀಪ ಆರಿಸಿ. ಆ ದೀಪದ ಹುಟ್ಟಿನಲ್ಲೂ ಬಿಸಿಲಿಗೆ ಸಿಕ್ಕ ಒಂದು ಟ್ಯೂಬ್ ಇದೆ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ಜೀನ್ ವಾರ್ಡ್ ಕೂಸುಗಳನ್ನು ಬಿಸಿಲಿಗೆ ಒಯ್ಯುತ್ತಿದ್ದರು. ಬಿಸಿಲು ಬಿದ್ದಲ್ಲಿ ಮೈಯ ಹಳದಿ ಇಳಿದದ್ದನ್ನು ಡಾಕ್ಟರಿಗೆ ತೋರಿಸಿದವರು ಅವರೇ. ಅಲ್ಲಿಯೇ ಬಿಸಿಲಲ್ಲಿ ಉಳಿದ ರಕ್ತದ ಟ್ಯೂಬಿನಲ್ಲೂ ಬಿಲಿರುಬಿನ್ ತೀರಾ ಕಡಿಮೆ ಬಂತು. 1958ರಲ್ಲಿ ಅಲ್ಲಿನ ಡಾಕ್ಟರ್ ಕ್ರೆಮರ್ ಮತ್ತು ಸಂಗಡಿಗರು ಬೆಳಕಿನ ಚಿಕಿತ್ಸೆಯ ಬಗ್ಗೆ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು.

4. ಕಿಟಕಿ ಕಟ್ಟೆಯ ಮೇಲೆ ರ್ಯಾಕ್ ಇಡಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಇಟ್ಟಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ಅರಿಶಿನ ನೀರಿನಂತಿದ್ದ ಸೀರಂ ಮಾಸಿತ್ತು. ಮತ್ತೆ ರಕ್ತ ಬೇಕೆಂದಾಗ ಬಾಣಂತಿ ಕೂಸಿನ ಕಾಲು ಸೆರಗಿನಲ್ಲಿ ಮುಚ್ಚಿಕೊಂಡು, "ಮತ್ತ ಚುಚ್ಚತೀರೇನ್ರಿ ಅಕ್ಕಾರ?" ಎಂದಳು. ಆ ಮಾತು ಇಂದಿಗೂ ಕಿವಿಯಲ್ಲಿದೆ.

5. ಮುಚ್ಚಳವಿರುವ ತಂಪು ಡಬ್ಬಿಯಲ್ಲೇ ಕಳಿಸಿ. ಟ್ಯೂಬ್ ಐಸಿಗೆ ತಾಗದಿರಲಿ. ಹೆಪ್ಪುಗಟ್ಟಿದರೆ ರಕ್ತಕಣ ಒಡೆದು ಪರೀಕ್ಷೆ ಕೆಡುತ್ತದೆ. ಲಸಿಕೆಯ ಡಬ್ಬಿಯನ್ನು ಇದಕ್ಕೆ ಬಳಸಬೇಡಿ.

6. ಎಲ್ಲಕ್ಕೂ ಫಾಯಿಲ್ ಬೇಡ. ಹಿಮೋಗ್ಲೋಬಿನ್‌ಗೆ, ಸಕ್ಕರೆಗೆ ಬೆಳಕಿನ ಭಯವಿಲ್ಲ. ಸಕ್ಕರೆಗೆ ಬೇಕಾದದ್ದು ಬೂದು ಮುಚ್ಚಳದ ಟ್ಯೂಬ್. ಆದರೆ ವಿಟಮಿನ್ ಎ, ಬಿ6, ಪೋರ್ಫಿರಿನ್ ಪರೀಕ್ಷೆಗೂ ಇದೇ ಕತ್ತಲೆ ಬೇಕು.

7. ಕೂಸಿನ ಅಂಗಾಲಿನವರೆಗೆ ಹಳದಿ ಕಾಣುತ್ತಿದೆ, ವರದಿಯ ಅಂಕಿ ಕಡಿಮೆ ಬಂದಿದೆ ಎಂದರೆ ಆ ಅಂಕಿಗೆ ಸಹಿ ಹಾಕಬೇಡಿ. ಟ್ಯೂಬ್ ಎಲ್ಲೆಲ್ಲಿ, ಎಷ್ಟು ಹೊತ್ತು ಇತ್ತೆಂದು ವಿಚಾರಿಸಿ, ಡಾಕ್ಟರಿಗೆ ಆಗಲೇ ಫೋನ್ ಮಾಡಿ. ತಾಯಿ ಕಲಘಟಗಿಯದೋ ಕುಂದಗೋಳದ್ದೋ ಬಸ್ ಹತ್ತುವ ಮೊದಲು ಹೊಸ ಸ್ಯಾಂಪಲ್ ಕೈಗೆ ಸಿಗಬೇಕು.