ಸಂಘದ ಸಿಬ್ಬಂದಿಗೆ ಸಂಬಳದ ಜೊತೆ ಇನ್ನೇನು ಬೇಕು?



ಹಸುವಿನ ಹಾಲು ಕಡಿಮೆಯಾದರೆ ಮೇವು ಸರಿಯಿದೆಯೇ, ಹೊಟ್ಟೆಯಲ್ಲಿ ಜಂತು ಇದೆಯೇ ಎಂದು ವಿಚಾರಿಸುತ್ತೇವೆ. ಆದರೆ ಸಂಘದ ಸಿಬ್ಬಂದಿಯ ಕೆಲಸ ಸಡಿಲವಾದರೆ ಕಾರಣ ಕೇಳದೆ ‘ಸೋಮಾರಿ’ ಎಂದುಬಿಡುತ್ತೇವೆ. ಈ ಸಲ ಆ ಕಾರಣವನ್ನು ವಿಚಾರಿಸೋಣ.

ಆನಂದ್ ಮಾದರಿಯ ಸಂಘದಲ್ಲಿ ಕಾರ್ಯದರ್ಶಿ, ಹಾಲು ಪರೀಕ್ಷಕ, ಕೃತಕ ಗರ್ಭಧಾರಣೆ ಕಾರ್ಯಕರ್ತ ಇವರೆಲ್ಲ ಸಂಘದ ನೌಕರರು. ಸಂಘ ನಡೆಸುವ ಆಡಳಿತ ಮಂಡಳಿಯನ್ನು ಆರಿಸುವವರು ಸದಸ್ಯರು. ಅಂದರೆ ಇವರ ಯಜಮಾನರು ನೀವೇ.

ಕಣ್ಣಿಗೆ ಕಾಣದ ಕೆಲಸ

ಬೆಳಿಗ್ಗೆ ಬೆದೆ ಕಂಡ ಹಸುವಿಗೆ ಅದೇ ದಿನ ಸಂಜೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿ ಶೀತದಲ್ಲಿದ್ದ ವೀರ್ಯದ ಕಡ್ಡಿಯನ್ನು 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 30 ಸೆಕೆಂಡು ಅದ್ದಬೇಕು. ಕಾರ್ಯಕರ್ತರು ಥರ್ಮಾಮೀಟರ್ ಇಟ್ಟು ನೋಡಿದರೋ, ಬೆರಳಿಟ್ಟು ಅಂದಾಜು ಮಾಡಿದರೋ ಹಸುವನ್ನು ಹಿಡಿದು ನಿಂತ ನಿಮಗೆ ತಿಳಿಯುವುದಿಲ್ಲ. ಗಬ್ಬ ನಿಲ್ಲದಿದ್ದರೆ ಮುಂದಿನ ಬೆದೆಗೆ ಸುಮಾರು 21 ದಿನ ಕಾಯಬೇಕು. ಆ ದಿನಗಳ ಮೇವಿನ ಖರ್ಚು ನಿಮ್ಮದೇ.

ಹಾಲು ಪರೀಕ್ಷಕರ ಕೆಲಸವೂ ಹಾಗೆಯೇ. ಕೆನೆ ಮೇಲೆ ನಿಲ್ಲುತ್ತದೆ. ಚೆನ್ನಾಗಿ ಕಲಸದೆ ಮಾದರಿ ತೆಗೆದರೆ ಜಿಡ್ಡಿನ ಲೆಕ್ಕ ತಪ್ಪಿ, ಬಟವಾಡೆಯೂ ತಪ್ಪುತ್ತದೆ. ಇಂಥ ಕೆಲಸಕ್ಕೆ ಯಾರೂ ಕಾವಲು ಕೂರಲಾರರು. ಮಾಡುವವರ ಮನಸ್ಸೇ ಕಾವಲು.

ಆ ಮನಸ್ಸು ಬರುವುದು ಹೇಗೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಸುಮಾರು 200 ಮಂದಿ ಇಂಜಿನಿಯರು ಹಾಗೂ ಲೆಕ್ಕಿಗರನ್ನು ವಿಚಾರಿಸಿ 1959ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಸಂಬಳ ಸರಿಯಿಲ್ಲದಿದ್ದರೆ, ಮೇಲಿನವರ ನಡವಳಿಕೆ ಸರಿಯಿಲ್ಲದಿದ್ದರೆ ನೌಕರರಿಗೆ ಅಸಮಾಧಾನ ಬರುತ್ತದೆ. ಆದರೆ ಇವನ್ನು ಸರಿಪಡಿಸಿದ ಮಾತ್ರಕ್ಕೆ ಹುಮ್ಮಸ್ಸು ಬರುವುದಿಲ್ಲ. ಕೆಲಸ ಸಾಧಿಸಿದ ತೃಪ್ತಿ, ಇತರರು ಅದನ್ನು ಗುರುತಿಸುವುದು, ಜವಾಬ್ದಾರಿ ಇವು ಹುಮ್ಮಸ್ಸು ತರುತ್ತವೆ ಎಂದು ಅವರು ವಾದಿಸಿದರು. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ನನ್ನ ಅನುಭವ ಇದಕ್ಕೆ ಹತ್ತಿರವಾಗಿದೆ.

ಕಂಪ್ಲಿ ಭಾಗದ ಒಂದು ಅನುಭವ

ಕಂಪ್ಲಿ ಭಾಗದ ಒಂದು ಹಳ್ಳಿಯಲ್ಲಿ ಕೃತಕ ಗರ್ಭಧಾರಣೆ ಕಾರ್ಯಕರ್ತರೊಬ್ಬರು ಕೆಲಸ ಬಿಡುವುದಾಗಿ ಹೇಳಿದರು. ಸಂಬಳ ಸಾಲದೇನೋ ಎಂದುಕೊಂಡೆ. ಅವರು ಹೇಳಿದ್ದೇ ಬೇರೆ: “ಸಾರ್, ಗಬ್ಬ ನಿಲ್ಲದಿದ್ರೆ ಮನೆಗೇ ಬಂದು ಬೈತಾರೆ. ಕರು ಹಾಕಿದ್ರೆ ಯಾರೂ ಹೇಳೋದಿಲ್ಲ. ನನ್ನ ಕೆಲಸ ಸರಿನೋ ತಪ್ಪೋ ನನಗೆ ಗೊತ್ತಾಗೋದು ಹೆಂಗೆ?”

ನನಗೆ ನಾಚಿಕೆಯಾಯಿತು. ಭೇಟಿಗೆ ಹೋದಾಗಲೆಲ್ಲ ನಾನೂ ಅವರ ರಿಜಿಸ್ಟರಿನಲ್ಲಿ ತಪ್ಪನ್ನೇ ಹುಡುಕುತ್ತಿದ್ದೆ. ಮುಂದೆ ಮೂರು ತಿಂಗಳ ಗಬ್ಬ ತಪಾಸಣೆಗೆ ಅವರನ್ನು ಜೊತೆಗೆ ಕರೆದೊಯ್ಯತೊಡಗಿದೆ. ಗಬ್ಬ ನಿಂತ ರಾಸುಗಳನ್ನು ಅವರ ಕೈಯಿಂದಲೇ ರಿಜಿಸ್ಟರಿನಲ್ಲಿ ಬರೆಸಿದೆ. ನಿಲ್ಲದ ಕಡೆ ಬೆದೆಯ ವೇಳೆ ತಪ್ಪಿತೇ, ಎಮ್ಮೆಯದು ಮೂಕ ಬೆದೆಯೇ ಎಂದು ಇಬ್ಬರೂ ಕೂತು ನೋಡಿದೆವು. ಅವರು ಕೆಲಸ ಬಿಡಲಿಲ್ಲ. ಕೆಲವು ತಿಂಗಳ ಮೇಲೆ, ಹೊಸ ಥರ್ಮಾಮೀಟರ್ ಬೇಕೆಂದು ಅವರೇ ಕೇಳಿದರು.

ಸದಸ್ಯರು ಮಾಡಬೇಕಾದ್ದು

1. ರಾಸು ಈದ ದಿನವೇ ಕಾರ್ಯಕರ್ತರಿಗೆ ತಿಳಿಸಿ. ಕಿವಿಯೋಲೆಯ 12 ಅಂಕಿಯ ಸಂಖ್ಯೆ ಹೇಳಿ, ರಿಜಿಸ್ಟರಿನಲ್ಲಿ ಬರೆಸಿ.

2. ಗಬ್ಬ ನಿಲ್ಲದಿದ್ದರೆ ಮೊದಲು ಬೆದೆ ಕಂಡ ವೇಳೆ ಹೇಳಿ, ಆಮೇಲೆ ದೂರು ಹೇಳಿ.

3. ಪರೀಕ್ಷಕರನ್ನು ಸಾಲಿನಲ್ಲಿ ಎಲ್ಲರೆದುರು ಹೀಯಾಳಿಸಬೇಡಿ. ಅನುಮಾನವಿದ್ದರೆ ನಿಮ್ಮೆದುರೇ ಮರುಪರೀಕ್ಷೆ ಮಾಡಲು ಕೇಳಿ.

4. ವಾರ್ಷಿಕ ಮಹಾಸಭೆಯಲ್ಲಿ ಲಾಭ, ಬೋನಸ್ಸಿನ ಜೊತೆಗೆ ವರ್ಷದಲ್ಲಿ ಹುಟ್ಟಿದ ಕರುಗಳ ಲೆಕ್ಕವನ್ನೂ ಓದಿಸಿ.

ಹಾಗೆಂದು ಮೆಚ್ಚುಗೆಯ ಮಾತು ಸಂಬಳಕ್ಕೆ ಬದಲಿಯಲ್ಲ. ಸಂಬಳ ತಡೆಹಿಡಿದು ಹಾರ ಹಾಕಿದರೆ ಅದು ಅಪಹಾಸ್ಯವಾಗುತ್ತದೆ. ಆಡಳಿತ ಮಂಡಳಿಯವರು ಮೊದಲು ತಿಂಗಳ ಸಂಬಳವನ್ನು ಸಕಾಲಕ್ಕೆ ಕೊಡಬೇಕು.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ನಿಮ್ಮ ಕೊಟ್ಟಿಗೆಯಲ್ಲಿ ಕೈ ಕೆಸರು ಮಾಡಿಕೊಂಡವರಿಗೆ ಕರು ಹುಟ್ಟಿದ ಸುದ್ದಿಯನ್ನಾದರೂ ಮುಟ್ಟಿಸಿ. ಅದಕ್ಕೆ ಖರ್ಚಿಲ್ಲ.