ಉದ್ಯಮದ ಯೋಗಕ್ಷೇಮ: ಆಪತ್ತಿನಿಂದ ಚೇತರಿಸಿಕೊಳ್ಳುವ ಪೂರ್ವಸಿದ್ಧತೆ

ಕಂಡವರ ಯೋಗಕ್ಷೇಮ ವಿಚಾರಿಸುವುದು ನಮ್ಮಲ್ಲಿ ವಾಡಿಕೆ. ಆ ಶಬ್ದದ ಅರ್ಥವನ್ನೇ ವಿಚಾರಿಸುವುದು ಮಾತ್ರ ವಿರಳ. ಇಲ್ಲದುದನ್ನು ಸಂಪಾದಿಸುವುದು ಯೋಗ, ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಪ್ರಾಚೀನ ವ್ಯಾಖ್ಯಾನಕಾರರು ಈ ಜೋಡಿಪದವನ್ನು ಬಿಡಿಸಿದ್ದಾರೆ. ವ್ಯಾಪಾರೋದ್ಯಮಗಳಲ್ಲಿ ತೊಡಗಿದವರು ಯೋಗಕ್ಕೆ ಕೊಡುವಷ್ಟು ಲಕ್ಷ್ಯವನ್ನು ಕ್ಷೇಮಕ್ಕೆ ಕೊಡುವುದಿಲ್ಲ. ಈ ವಿದ್ಯಾಸಂಸ್ಥೆಯ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಅಂಗಡಿ, ಗಿರಣಿ, ಮಗ್ಗ, ಮುದ್ರಣಾಲಯಗಳನ್ನು ನಡೆಸುವವರು ಅನೇಕರಿದ್ದಾರೆ. ಆದುದರಿಂದ ಆಪತ್ತು ಎರಗಿದ ಮೇಲೆ ಸಣ್ಣ ಉದ್ಯಮವೊಂದು ಮತ್ತೆ ತಲೆಯೆತ್ತಿ ನಿಲ್ಲಬೇಕಾದರೆ ಮುಂಚಿತವಾಗಿ ಮಾಡಿಕೊಳ್ಳಬೇಕಾದ ಸಿದ್ಧತೆ ಯಾವುದೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಆಪತ್ತಿನ ಎರಡು ಬಗೆ

2009ನೆಯ ಇಸವಿಯ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದಾಗಿ ಬಯಲುಸೀಮೆಯ ಮೇಲೆಯೇ ಧಾರಾಕಾರವಾಗಿ ಮಳೆ ಸುರಿದು, ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಪ್ರಾಣ ತೆತ್ತರು. 2019ರ ಆಗಸ್ಟ್ ತಿಂಗಳಿನಲ್ಲಿ ಒದಗಿದುದು ಬೇರೊಂದು ಬಗೆ. ಸಹ್ಯಾದ್ರಿಯಲ್ಲಿ ಬಿದ್ದ ಮಳೆಯು ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳಲ್ಲಿ ಉಕ್ಕಿ ಬಂದು, ಗೋಕಾಕ, ರಾಮದುರ್ಗ ಮೊದಲಾದ ಪಟ್ಟಣಗಳೊಳಕ್ಕೆ ನುಗ್ಗಿತು. ಮೇಲಣ ಜಲಾಶಯಗಳಿಂದ ಬಿಡುವ ನೀರಿನ ಪ್ರಮಾಣವು ಪ್ರಕಟವಾಗುವುದರಿಂದ, ಈ ಎರಡನೆಯ ಬಗೆಯಲ್ಲಿ ಸರಕನ್ನು ಎತ್ತಿಡಲು ತುಸು ಅವಕಾಶವುಂಟು. ಮೊದಲನೆಯ ಬಗೆಯಲ್ಲಿ ಆ ಅವಕಾಶ ಅತ್ಯಲ್ಪ. ಬೆಂಕಿಯ ಅನಾಹುತದಲ್ಲಿಯಂತೂ ಇಲ್ಲವೇ ಇಲ್ಲ. ಆದಕಾರಣ ಅಪಾಯದ ಗಳಿಗೆಯಲ್ಲಿ ಮಾಡಿದರಾಯಿತೆಂದು ಯಾವ ಮುಖ್ಯ ಕಾರ್ಯವನ್ನೂ ಬಾಕಿ ಉಳಿಸಬಾರದು. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ.

ಕಾಣುವ ನಷ್ಟ, ಕಾಣದ ನಷ್ಟ

ನೆರೆ ಇಳಿದ ಮೇಲೆ ಮೊದಲು ಕಣ್ಣಿಗೆ ಬೀಳುವುದು ನೆನೆದ ಧಾನ್ಯ, ಕೆಸರು ತುಂಬಿದ ಕುಣಿಮಗ್ಗ, ತುಕ್ಕು ಹಿಡಿದ ಮೋಟಾರು. ಇವನ್ನು ಸಾಲ ಮಾಡಿಯಾದರೂ ಮತ್ತೆ ಹೊಂದಿಸಿಕೊಳ್ಳಬಹುದು. ಕಾಣದ ನಷ್ಟವೆಂದರೆ ಕಿರ್ದಿ ಖಾತೆಗಳದು. ಉದ್ದರಿಯ ಬಾಕಿ ಯಾರಿಂದ ಎಷ್ಟು ಬರಬೇಕು, ನೂಲು ಕೊಟ್ಟ ವರ್ತಕನಿಗೆ ಎಷ್ಟು ಸಲ್ಲಬೇಕು, ಅಂದು ದಾಸ್ತಾನು ಎಷ್ಟಿತ್ತು ಎಂಬುದಕ್ಕೆ ಆಧಾರವೇ ಇಲ್ಲವಾದರೆ, ಬರತಕ್ಕ ಹಣ ಕೈಸೇರುವುದು ಕಷ್ಟ. ಕೊಡತಕ್ಕ ಹಣದ ವಿಷಯದಲ್ಲಿ ವಾದ ಹುಟ್ಟುತ್ತದೆ. ವಿಮೆಯವರ ಮುಂದಿಡಲು ಪುರಾವೆ ದೊರೆಯುವುದಿಲ್ಲ. ಸರಕು ಮತ್ತು ಸೇವಾ ತೆರಿಗೆಯ ಕಾನೂನಿನಂತೆ, ನೋಂದಾಯಿತ ವ್ಯಾಪಾರಿಯು ವಾರ್ಷಿಕ ವಿವರಪತ್ರವನ್ನು ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾಯ್ದಿಡಬೇಕೆಂಬುದನ್ನೂ ಮರೆಯಲಾಗದು. ಹಣದೊಡನೆ ವರ್ತಕರ ಪರಸ್ಪರ ನಂಬಿಕೆಯೂ ಹೋಗುವುದೇ ಇದರಲ್ಲಿನ ದೊಡ್ಡ ಹಾನಿ.

ಪ್ರತಿಯ ಮಹತ್ವ

ಈ ಹಾನಿಯನ್ನು ತಡೆಯುವ ಉಪಾಯವನ್ನು ನಮ್ಮ ಗ್ರಂಥರಕ್ಷಣೆಯ ಇತಿಹಾಸದಲ್ಲಿಯೇ ಕಾಣಬಹುದು. ತಾಳೆಗರಿಯು ಹುಳುವಿಗೂ ಬೆಂಕಿಗೂ ಸುಲಭವಾಗಿ ತುತ್ತಾಗುವ ವಸ್ತು. ಆದರೂ ಶರಣರ ವಚನಗಳು ನಮ್ಮವರೆಗೆ ಉಳಿದುಬಂದುವು. ಏಕೆಂದರೆ ಅವುಗಳ ಪ್ರತಿಗಳು ಒಂದೇ ಭಂಡಾರದಲ್ಲಿರದೆ ಹಲವು ಊರುಗಳ ಮಠ-ಮನೆಗಳಲ್ಲಿ ಹರಡಿದ್ದುವು. ಫ. ಗು. ಹಳಕಟ್ಟಿಯವರು ಅಂತಹ ಕಟ್ಟುಗಳನ್ನು ಅರಸಿ ಕೂಡಿಸಿಯೇ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಒಂದು ಪ್ರತಿಯಲ್ಲಿ ಗರಿ ಮುರಿದಿದ್ದರೆ ಇನ್ನೊಂದು ಪ್ರತಿಯಿಂದ ಆ ಪಾಠವನ್ನು ತುಂಬಿಕೊಳ್ಳಬಹುದು. ಗ್ರಂಥಸಂಪಾದನೆಯ ಈ ನ್ಯಾಯ ಲೆಕ್ಕಪತ್ರಗಳಿಗೂ ಸಲ್ಲುತ್ತದೆ.

ಗಣಕಯಂತ್ರದಲ್ಲಿ ಲೆಕ್ಕವಿಡುವವರಿಗೆ ತಜ್ಞರು ಹೇಳುವ ಸೂತ್ರ ಸರಳವಾದುದು: ಪ್ರತಿಗಳು 3, ಅವುಗಳನ್ನಿಡುವ ಸಾಧನಗಳು 2 ಬಗೆ, ದೂರದ ಸ್ಥಳದಲ್ಲಿ 1 ಪ್ರತಿ. ಗಣಕಯಂತ್ರವೂ ಪೆನ್‌ಡ್ರೈವೂ ಒಂದೇ ಮೇಜಿನ ಖಾನೆಯಲ್ಲಿದ್ದರೆ ಎರಡೂ ಒಂದೇ ನೀರಿನಲ್ಲಿ ಮುಳುಗುತ್ತವೆ; ಆದುದರಿಂದ ಮೂರನೆಯದನ್ನು ಅಂತರಜಾಲದ ಮೂಲಕ ದೂರದ ಸಂಗ್ರಹಕ್ಕೆ ಸೇರಿಸಬೇಕು. ಕೈಬರಹದ ಖಾತೆಯುಳ್ಳವರು ಪುಟಗಳ ಛಾಯಾಚಿತ್ರ ತೆಗೆದು ಪರವೂರಿನ ನಂಬಿಕಸ್ಥ ಬಂಧುವಿಗೆ ಕಳುಹಿಸಿದರೂ ಆದೀತು. ಇಟ್ಟ ಪ್ರತಿಯನ್ನು ಆಗಾಗ ತೆರೆದು, ಅದು ಓದಲು ಬರುವುದೇ ಎಂದು ಪರೀಕ್ಷಿಸುವುದು ಅಗತ್ಯ.

ಎರಡು ಪ್ರಶ್ನೆಗಳು

ಪ್ರತಿಯೊಬ್ಬ ಉದ್ಯಮಿಯೂ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ಎಷ್ಟು ದಿನಗಳ ಲೆಕ್ಕ ಕಳೆದರೆ ಅದನ್ನು ನೆನಪಿನಿಂದ ಮತ್ತೆ ಬರೆದುಕೊಳ್ಳಬಹುದು? ಎಷ್ಟು ದಿನ ಬಾಗಿಲು ಮುಚ್ಚಿದ್ದರೆ ಗಿರಾಕಿಗಳು ಕೈಬಿಟ್ಟುಹೋಗುವುದಿಲ್ಲ? ಮೊದಲನೆಯದರ ಉತ್ತರವು ಪ್ರತಿ ತೆಗೆಯುವ ಅವಧಿಯನ್ನು ನಿರ್ಧರಿಸುತ್ತದೆ. ದಿನಕ್ಕೆ ನೂರಾರು ಬಿಲ್ಲು ಹರಿಯುವ ಔಷಧದಂಗಡಿಗೆ ಅದು ನಿತ್ಯದ ಕೆಲಸ. ತಿಂಗಳಿಗೆ ನಾಲ್ಕಾರು ವ್ಯವಹಾರಗಳಿರುವ ಮಗ್ಗದವರಿಗೆ ವಾರಕ್ಕೊಮ್ಮೆ ಸಾಕು. ಎರಡನೆಯದರ ಉತ್ತರವು ಯಾವುದನ್ನು ಮೊದಲು ಆರಂಭಿಸಬೇಕೆಂಬುದನ್ನು ತಿಳಿಸುತ್ತದೆ. ಮುದ್ರಣಾಲಯದವರು ಪರವೂರಿನ ಸಹೋದ್ಯಮಿಯೊಡನೆ, ಒಬ್ಬರಿಗೆ ಆಪತ್ತು ಬಂದಾಗ ಇನ್ನೊಬ್ಬರು ಕೆಲಸ ಮಾಡಿಕೊಡುವ ಒಪ್ಪಂದವನ್ನು ಮೊದಲೇ ಮಾಡಿಕೊಂಡಿರುವುದು ಲೇಸು.

ವಿಮೆಯ ವಿಚಾರ

2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗಾಗಿ ಎರಡು ಬಗೆಯ ವಿಮಾಪತ್ರಗಳು ಜಾರಿಗೆ ಬಂದುವು. ಒಂದೇ ಸ್ಥಳದಲ್ಲಿರುವ ಆಸ್ತಿಯ ಮೌಲ್ಯ 5 ಕೋಟಿ ರೂಪಾಯಿಗಳವರೆಗೆ ಇದ್ದಲ್ಲಿ ‘ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ’, ಅದಕ್ಕೆ ಮೇಲ್ಪಟ್ಟು 50 ಕೋಟಿಯವರೆಗೆ ‘ಭಾರತ ಲಘು ಉದ್ಯಮ ಸುರಕ್ಷಾ’. ಬೆಂಕಿ, ನೆರೆ, ಬಿರುಗಾಳಿ, ಭೂಕಂಪಗಳು ಇವುಗಳ ವ್ಯಾಪ್ತಿಯಲ್ಲಿವೆ. ಆದರೆ ಕಂತು ಉಳಿಸುವ ಆಸೆಯಿಂದ ಸರಕಿನ ಬೆಲೆಯನ್ನು ಕಡಮೆ ತೋರಿಸುವುದು ಆತ್ಮವಂಚನೆ. 10 ಲಕ್ಷ ರೂಪಾಯಿಗಳ ಸರಕಿಗೆ 5 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದವನಿಗೆ 4 ಲಕ್ಷ ನಷ್ಟವಾದರೆ, ಅದೇ ಪ್ರಮಾಣದಲ್ಲಿ 2 ಲಕ್ಷ ಮಾತ್ರ ಸಲ್ಲುತ್ತದೆ. ವರ್ಷಕ್ಕೊಮ್ಮೆ ದಾಸ್ತಾನಿನ ಬೆಲೆಯನ್ನು ಎಣಿಸಿ ವಿಮೆಯ ಮೊತ್ತವನ್ನು ಸರಿಪಡಿಸಬೇಕು.

ಉಪಸಂಹಾರ

ಇವೆಲ್ಲವನ್ನೂ ಒಂದು ಪುಟದಲ್ಲಿ ಬರೆದಿಡಬಹುದು: ಕೆಲಸಗಾರರ, ಸರಕು ಪೂರೈಸುವವರ, ಬ್ಯಾಂಕಿನ ಹಾಗೂ ವಿಮಾ ಕಚೇರಿಯ ದೂರವಾಣಿ ಸಂಖ್ಯೆಗಳು; ವಿಮಾಪತ್ರದ ಸಂಖ್ಯೆ; ವಿದ್ಯುತ್ತನ್ನು ನಿಲ್ಲಿಸುವವರು ಯಾರು, ಯಾವುದನ್ನು ಮೊದಲು ಎತ್ತಿಡಬೇಕು, ಲೆಕ್ಕದ ಪ್ರತಿ ಎಲ್ಲಿದೆ ಎಂಬ ವಿವರ. ಮಾಲೀಕನು ಊರಲ್ಲಿಲ್ಲದಾಗಲೂ ಕೆಲಸ ನಡೆಯುವಂತೆ ಈ ಪುಟವು ಮನೆಯಲ್ಲೊಂದು, ಕೆಲಸಗಾರನ ಕೈಯಲ್ಲೊಂದು ಇರತಕ್ಕದ್ದು. ಪ್ರತಿವರ್ಷ ಮೃಗಶಿರಾ ಮಳೆ ಹೂಡುವ ಮುನ್ನ ಎಲ್ಲರೂ ಕೂಡಿ ಇದನ್ನು ಓದಿ, ಒಮ್ಮೆ ಮಾಡಿ ನೋಡಬೇಕು.

ಒಂದು ಮಗ್ಗ ನಿಂತರೆ ನೂಲು ಸುತ್ತುವವರ, ಬಣ್ಣ ಹಾಕುವವರ ಮನೆಯ ಗಂಜಿಗೂ ಕುತ್ತು ಬರುತ್ತದೆ. ದಾಸೋಹಕ್ಕೆ ಸಲ್ಲುವ ಪಾಲೂ ನಿಲ್ಲುತ್ತದೆ. ಆದುದರಿಂದ ಕಾಯಕವು ಕೆಡದಂತೆ ಕಾಯ್ದುಕೊಳ್ಳುವುದನ್ನೂ ಕಾಯಕದ ಅಂಗವೆಂದೇ ಭಾವಿಸಬೇಕು. ನಮ್ಮ ಉದ್ಯಮಿಗಳು ಮುಂಬರುವ ಮಳೆಗಾಲಕ್ಕೆ ಮುನ್ನ ತಮ್ಮ ಖಾತೆಯ ಒಂದು ಪ್ರತಿಯನ್ನಾದರೂ ದೂರದಲ್ಲಿ ತೆಗೆದಿರಿಸಿ ಈ ಕಾರ್ಯವನ್ನು ಆರಂಭಿಸಲಿ ಎಂದು ಸವಿನಯವಾಗಿ ವಿಜ್ಞಾಪಿಸಲಾಗಿದೆ.